ಎರಡು ಬಕೆಟ್ಟಿನ ಪಾಳಿ

ಏಪ್ರಿಲ್ 7, ಸೋಮವಾರ

ಇವತ್ತು ನನ್ನ ಮುಂದಿನ ಹಲ್ಲು ಮುರಿಯಿತು. ಅರ್ಧ ಮಾತ್ರ. ಉಳಿದರ್ಧ ನಾಲಿಗೆಗೆ ಬ್ಲೇಡಿನಂತೆ ತಾಗುತ್ತಿದೆ. ಮನೆಯಲ್ಲಿ ಹೇಳುವಂತಿಲ್ಲ. ಹೇಳಿದರೆ ಅಪ್ಪ ದೇವದುರ್ಗದ ಡಿಪೋದಲ್ಲಿ ರಜೆ ಬರೆದುಕೊಟ್ಟು ಮೊದಲ ಬಸ್ಸಿಗೇ ರಾಯಚೂರಿಗೆ ಬರುತ್ತಾನೆ, ನನ್ನ ಟ್ರಂಕು ಹೊತ್ತುಕೊಂಡು ನನ್ನನ್ನೂ ಎಳೆದುಕೊಂಡು ಹೋಗುತ್ತಾನೆ. ನಮ್ಮ ಮನೆಯಲ್ಲಿ ಎಂ.ಎಸ್ಸಿ. ತನಕ ಬಂದವಳು ನಾನೊಬ್ಬಳೇ. ಅದಕ್ಕೇ ಈ ನೋಟ್‌ಬುಕ್ಕಿಗೆ ಹೇಳುತ್ತಿದ್ದೇನೆ.

ಯುಗಾದಿ ಹೊತ್ತಿಗೆ ಹಾಸ್ಟೆಲ್ಲಿನ ಬೋರು ಬತ್ತಿತು. ಈಗ ಬೆಳಿಗ್ಗೆ ಆರಕ್ಕೆ ಟ್ಯಾಂಕರ್ ಬಂದು ಹಿತ್ತಲಿನ ಎತ್ತರದ ಕಟ್ಟೆಯ ಮೇಲಿರುವ ಕರಿ ಟಾಕಿಗೆ ನೀರು ತುಂಬಿಸುತ್ತದೆ. ಐದು ಮೆಟ್ಟಿಲು ಹತ್ತಿದರೆ ನಾಲ್ಕು ನಲ್ಲಿ. ನಾವು ನೂರ ನಲವತ್ತು ಹುಡುಗಿಯರು. ಎರಡನೇ ವರ್ಷದವರು ಮೊದಲು, ಉಳಿದರೆ ನಾವು. ಇದು ಪೂರ್ಣಶ್ರೀ ಅಕ್ಕ ಮಾಡಿದ ಕಾನೂನು. ಶಕ್ತಿನಗರದವಳು, ಎಲ್ಲರಿಗಿಂತ ಒಂದು ಗೇಣು ಎತ್ತರ. ಹಿಂದೆ ಯಾವಾಗಲೂ ನಾಲ್ಕೈದು ಜನ ಇರುತ್ತಾರೆ.

ನನ್ನ ಬಕೆಟ್ ಅರ್ಧ ತುಂಬಿತ್ತು. ಆಕೆ ಬಂದು ಕಾಲಿನಿಂದ ಅದನ್ನು ಉರುಳಿಸಿದಳು.

"ಅಕ್ಕಾ, ನಂದು ಪಾಳಿ ಅದ್ರೀ," ಎಂದೆ.

"ಏನಂದಿ?"

"ಐದೂವರಿಯಿಂದ ನಿಂತೀನ್ರಿ."

ಅಷ್ಟೇ. ಜಡೆಗೆ ಕೈ ಹಾಕಿ ನನ್ನ ಮುಖವನ್ನು ನಲ್ಲಿಗೆ ಬಡಿದಳು. ಒಂದೇ ಸಲ. ಕಟ್ ಎಂದ ಸದ್ದು ಕಿವಿಗಿಂತ ಮೊದಲು ತಲೆಬುರುಡೆಗೆ ಕೇಳಿಸಿತು. ಬಾಯಿ ತುಂಬ ಉಪ್ಪು. ಸುತ್ತ ನಿಂತವರೆಲ್ಲ ತಮ್ಮ ತಮ್ಮ ಬಕೆಟ್ ಹಿಡಿದು ನೆಲ ನೋಡುತ್ತಿದ್ದರು.

ಗುಲ್ಫಶಾ ಮಾತ್ರ ಆ ರಾಡಿಯಲ್ಲಿ ಮೊಣಕಾಲೂರಿ ಹಲ್ಲಿನ ಚೂರು ಹುಡುಕಿದಳು. ಅವಳು ನನ್ನ ರೂಮಿನವಳು, ಮಾನ್ವಿಯ ಬಳೆ ಅಂಗಡಿಯವರ ಮಗಳು. "ಸಿಗವಲ್ಲದು ಅಂಬಿ. ಹೆಗ್ಗಣ ಒಯ್ದದ ಅನಸ್ತದ. ಇನ್ನ ಮ್ಯಾಲ ಅದೂ ಎಂ.ಎಸ್ಸಿ. ಹೆಗ್ಗಣ," ಎಂದಳು. ನಕ್ಕುಬಿಟ್ಟೆ. ನಕ್ಕದ್ದಕ್ಕೆ ಮತ್ತೆ ರಕ್ತ ಬಂತು.

ಏಪ್ರಿಲ್ 9, ಬುಧವಾರ

ರೂಮಿನ ಮೂರನೆಯವಳು ಸಂಘಮಿತ್ರಾ, ಕುರ್ಡಿಯವಳು. ಮಾತು ಕಡಿಮೆ, ಆದರೆ ಅನ್ಯಾಯ ಕಂಡರೆ ಸುಮ್ಮನಿರುವವಳಲ್ಲ. ನಾನು ಬೇಡವೆಂದರೂ ನನ್ನನ್ನು ವಾರ್ಡನ್ ವೆಂಕೂಬಾಯಿ ಮೇಡಂ ಹತ್ತಿರ ಎಳೆದುಕೊಂಡು ಹೋದಳು. ಮೇಡಂ ನನ್ನ ಬಾಯಿ ತೆರೆಸಿ ನೋಡಿದರು, ತ್ಚ್ ತ್ಚ್ ಎಂದರು.

"ಹೊಂದಿಕೊಂಡು ಹೋಗ್ರವಾ. ಹೊಸಾ ಬೋರಿನ ಫೈಲು ಮ್ಯಾಲ ಹೋಗ್ಯದ. ನೀರು ಬಂತಂದ್ರ ಇವೆಲ್ಲಾ ಜಗಳ ತಾನ ನಿಲ್ತಾವ."

ಹೊರಗೆ ಬಂದಮೇಲೆ ಸಂಘಮಿತ್ರಾ ಗೋಡೆಗೆ ಗುದ್ದಿದಳು. ನಾನು ಅವಳ ಕೈ ಹಿಡಿದುಕೊಂಡೆ. ನನಗೆ ಜಗಳ ಬೇಡ. ಹಲ್ಲು ಹೋದರೆ ಹೋಯಿತು, ಡಿಗ್ರಿ ಸಿಕ್ಕರೆ ಸಾಕು.

ಗುಲ್ಫಶಾ ತನ್ನ ಬಕೆಟ್ಟಿನ ಅರ್ಧ ನೀರು ನನಗೆ ಸುರಿದಳು. ಕೇಳಿದ್ದಕ್ಕೆ "ನಾ ಗಿಡ್ಡ ಅದೀನಲ್ಲ, ನಂಗ ಅರ್ಧಾನ ಸಾಕು" ಎಂದಳು.

ಏಪ್ರಿಲ್ 16, ಬುಧವಾರ

ಎರಡು ದಿನ ಟ್ಯಾಂಕರ್ ಬರಲಿಲ್ಲ. ಕಕ್ಕಸಿನ ಕಡೆ ಕಾಲಿಡುವಂತಿರಲಿಲ್ಲ. ಬಿಸಿಲು ಬೆಳಿಗ್ಗೆ ಎಂಟಕ್ಕೇ ಕೆನ್ನೆಗೆ ಹೊಡೆಯುತ್ತದೆ.

ಇವತ್ತು ಗೇಟಿನಲ್ಲಿ ಹಾರ್ನ್ ಕೇಳಿದ್ದೇ ತಡ, ಎಲ್ಲರೂ ಓಡಿದರು. ಟ್ಯಾಂಕರ್ ಡ್ರೈವರ್ ಸತ್ತಾರ್ ಸಾಬ್ ಮುದುಕ. ಆತ ಪೈಪು ಬಿಚ್ಚುವ ಮೊದಲೇ ಹುಡುಗಿಯರು ಕಿತ್ತುಕೊಂಡರು. ಒಬ್ಬಳ ಕೂದಲು ಇನ್ನೊಬ್ಬಳ ಕೈಯಲ್ಲಿ. ಒಬ್ಬಳು ನನ್ನ ಮುಂಗೈ ಕಚ್ಚಿದಳು. ಯಾರೆಂದು ಈಗಲೂ ಗೊತ್ತಿಲ್ಲ. ಸತ್ತಾರ್ ಸಾಬ್ ಕ್ಯಾಬಿನ್ ಹತ್ತಿ ಬಾಗಿಲು ಹಾಕಿಕೊಂಡ. "ಯಾ ಅಲ್ಲಾ, ಓದೋ ಹುಡುಗ್ಯಾರೇನ್ರವಾ ನೀವು?" ಎಂದು ಒಳಗಿನಿಂದಲೇ ಕೂಗುತ್ತಿದ್ದ.

ಸಂಘಮಿತ್ರಾ "ಪಾಳಿ ಹಚ್ರಿ, ಪಾಳಿ ಹಚ್ರಿ" ಎಂದು ಅಡ್ಡ ನಿಂತಳು. ಪೂರ್ಣಶ್ರೀ ಪೈಪನ್ನು ಬೀಸಿ ಅದರ ಹಿತ್ತಾಳೆಯ ಮೂತಿಯಿಂದ ಅವಳ ಬೆನ್ನಿಗೆ ಹೊಡೆದಳು. ಮೂರು ಸಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನನ್ನ ಕಾಲು ಏಳಲಿಲ್ಲ.

ಮಧ್ಯಾಹ್ನ ಅವಳ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಬಾಸುಂಡೆಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ದಿಂಬು ಕಚ್ಚಿಕೊಂಡು ಮಲಗಿದ್ದಳು. ಒಂದು ಹನಿ ಕಣ್ಣೀರು ಇಲ್ಲ. "ನೀ ಯಾಕ ಬರಲಿಲ್ಲ?" ಎಂದು ಕೇಳಿದ್ದರೆ ಚೆನ್ನಾಗಿತ್ತು. ಕೇಳಲಿಲ್ಲ.

ಏಪ್ರಿಲ್ 18, ಶುಕ್ರವಾರ

ಹೊಡೆದೆ.

ಗುಲ್ಫಶಾಳ ಬಕೆಟ್ ತುಂಬಿತ್ತು. ಪೂರ್ಣಶ್ರೀ ಬಂದು ಅದನ್ನು ತನ್ನ ಬಕೆಟ್ಟಿಗೆ ಬಗ್ಗಿಸಿಕೊಳ್ಳತೊಡಗಿದಳು, ತನ್ನದೇ ಎಂಬಂತೆ, ಪಕ್ಕದವಳ ಜೊತೆ ಸಿನಿಮಾ ಸುದ್ದಿ ಮಾತಾಡುತ್ತಾ. ಆ ಮಾತು ಕೇಳಿ ನನಗೆ ಏನಾಯಿತೋ. ನನ್ನ ಕೈಯಲ್ಲಿ ಅಮ್ಮ ಕೊಟ್ಟ ಸ್ಟೀಲಿನ ಬಕೆಟ್ ಇತ್ತು, ಕಾಲು ಭಾಗ ನೀರಿತ್ತು. ಬೀಸಿದೆ. ಅಂಚು ಅವಳ ಹುಬ್ಬಿನ ಮೇಲೆ ಬಿತ್ತು.

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು, ಆಮೇಲೆ ಕುಸಿದು ಕೂತಳು. ಕಟ್ಟೆಯ ಮೇಲಿನ ನೀರು ಕುಂಕುಮ ಕಲಸಿದಂತಾಯಿತು. ಕೂತವಳಿಗೆ ಇನ್ನೊಂದು ಹೊಡೆದೆ, ಭುಜದ ಮೇಲೆ. ಎರಡನೆಯದು ಯಾಕೆ ಹೊಡೆದೆ ಎಂದು ಗುಲ್ಫಶಾ ಆಮೇಲೆ ಕೇಳಿದಳು. ಗೊತ್ತಿಲ್ಲ ಎಂದೆ. ನಿಜ ಹೇಳಬೇಕೆಂದರೆ ಮೊದಲನೆಯದಕ್ಕಿಂತ ಅದೇ ಹಗುರಾಗಿ ಬಂತು.

ಏಳು ಹೊಲಿಗೆ ಬಿದ್ದಿವೆಯಂತೆ. ದೂರು ಕೊಟ್ಟಿಲ್ಲ. ಕೊಟ್ಟರೆ ನನ್ನ ಹಲ್ಲು, ಸಂಘಮಿತ್ರಾಳ ಬೆನ್ನು ಎಲ್ಲ ಹೊರಬರುತ್ತದೆ ಎಂಬ ಭಯವಿರಬೇಕು. ಊಟಕ್ಕೆ ಮೂರು ರೊಟ್ಟಿ ತಿಂದೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 19, ಶನಿವಾರ

ಬೆಳಿಗ್ಗೆ ಹೋದಾಗ ಒಂದು ನಲ್ಲಿ ಖಾಲಿ ಬಿಟ್ಟಿದ್ದರು. ನನಗಾಗಿ.

ಏಪ್ರಿಲ್ 24, ಗುರುವಾರ

ಎಲ್ಲರೂ ನೀನೇ ಏನಾದರೂ ಮಾಡು ಎಂದರು. ಮಾಡಿದೆ. ರೂಮಿನ ಪ್ರಕಾರ ಪಟ್ಟಿ. ತಲೆಗೆ ಎರಡು ಬಕೆಟ್. ಮೊದಲನೇ ವರ್ಷ, ಎರಡನೇ ವರ್ಷ ಎಂಬ ಭೇದವಿಲ್ಲ. ಇವತ್ತು ಮೊದಲ ಸಲ ನೂರ ನಲವತ್ತು ಜನಕ್ಕೂ ನೀರು ಸಿಕ್ಕಿತು. ಯಾರೂ ಯಾರನ್ನೂ ಮುಟ್ಟಲಿಲ್ಲ. ಪಟ್ಟಿ ಬರೆದವಳು ಗುಲ್ಫಶಾ. ನನಗೆ "ತಹಶೀಲ್ದಾರಮ್ಮಾ, ಸಹಿ ಮಾಡ್ರೀ" ಎಂದು ಚೇಷ್ಟೆ ಮಾಡಿದಳು. ಸಂಘಮಿತ್ರಾ ಕೂಡ ನಕ್ಕಳು, ಬೆನ್ನು ಹಿಡಿದುಕೊಂಡೇ.

ವೆಂಕೂಬಾಯಿ ಮೇಡಂ ಮಹಡಿಯ ಮೇಲಿನಿಂದ ನೋಡಿ "ಭೇಷ್ ಅಂಬಿಕಾ" ಎಂದರು.

ಈ ಖುಷಿಯನ್ನಾದರೂ ಮನೆಗೆ ಹೇಳೋಣವೆಂದು ಫೋನ್ ಮಾಡಿದೆ. ಅಮ್ಮ, "ನಿನ್ನ ಮಾತು ಕೇಳ್ತಾರ? ನೀ ಮನ್ಯಾಗ ಬೆಕ್ಕು ಬಂದ್ರ ಅಂಜತಿದ್ದಿ," ಎಂದು ನಕ್ಕಳು.

ಮೇ 2, ಶುಕ್ರವಾರ

ಒಬ್ಬಳು ಮೂರನೇ ಬಕೆಟ್ ತುಂಬಿಕೊಂಡಳು. ಲತೀಫಾ ಎಂದು ಹೆಸರು, ಇತಿಹಾಸ ವಿಭಾಗ. ತಲೆಗೂದಲು ತೊಳೆಯಬೇಕಂತೆ. ಕೆನ್ನೆಗೆ ಒಂದು ಕೊಟ್ಟೆ. ಒಂದೇ. ನಾಲ್ಕು ಬೆರಳು ಎದ್ದವು. ಆಮೇಲೆ ಯಾರೂ ಮೂರನೆಯದಕ್ಕೆ ಕೈ ಹಾಕಲಿಲ್ಲ.

ರೂಮಿನಲ್ಲಿ ಗುಲ್ಫಶಾ ಮುಖ ಬಿಗಿದುಕೊಂಡಿದ್ದಳು.

"ಹೇಳಿದ್ರ ಕೇಳತಿದ್ಳಲ್ಲ ಅಂಬಿ. ಹೊಡಿಯೋದು ಯಾಕ ಬೇಕಿತ್ತು?"

"ಹೇಳಿದ್ರ ಕೇಳೋರಾಗಿದ್ರ ನನ್ನ ಹಲ್ಲು ಬಾಯಾಗ ಇರತಿತ್ತು."

"ನಿನ್ನ ಹಲ್ಲು ಅಕಿ ಮುರದಿಲ್ಲ."

ಲೈಟ್ ಆರಿಸಿ ಮಲಗಿದೆ. ಕೆಲವರಿಗೆ ವ್ಯವಸ್ಥೆ ಬೇಕು, ಅದನ್ನು ನಡೆಸುವ ಕಷ್ಟ ಬೇಡ.

ಮೇ 9, ಶುಕ್ರವಾರ

ನಲವತ್ತಮೂರು ಡಿಗ್ರಿ. ಹಾಸಿಗೆ ಕೂಡ ಕೆಂಡ.

ಇವತ್ತು ಹೊಡೆದದ್ದು ಇಬ್ಬರಿಗೆ ಮಾತ್ರ. ಒಬ್ಬಳು ಎದುರು ಮಾತಾಡಿದಳು, ಇನ್ನೊಬ್ಬಳು ಅವಳ ಪರ ನಿಂತಳು. ಎದುರು ಮಾತಾಡಿದವಳ ಎರಡೂ ಬಕೆಟ್ ನೆಲಕ್ಕೆ ಸುರಿದೆ. ಕಾದ ಮಣ್ಣು ಚುರ್ ಎಂದು ಕುಡಿಯಿತು. ಸತ್ತಾರ್ ಸಾಬ್ ನೋಡುತ್ತಿದ್ದ.

"ನೀರು ಏನು ತಪ್ಪು ಮಾಡಿತ್ತಬೇ?" ಎಂದ.

"ನೀವು ನಿಮ್ಮ ಕೆಲಸ ನೋಡ್ರಿ," ಎಂದೆ.

ಆತ ಪೈಪು ಸುತ್ತಿಕೊಂಡು ಹೋದ. ಮುದುಕರಿಗೆ ಎಲ್ಲದರಲ್ಲೂ ಬಾಯಿ.

ಪೂರ್ಣಶ್ರೀಯನ್ನು ಪಟ್ಟಿಯ ಕೊನೆಗೆ ಹಾಕಿದ್ದೇನೆ. ಅವಳ ಪಾಳಿ ಬರುವಾಗ ಟಾಕಿಯಲ್ಲಿ ಕೆಸರು ಉಳಿದಿರುತ್ತದೆ. ನಾಲ್ಕು ದಿನದಿಂದ ಅವಳಿಗೆ ಸ್ನಾನವಿಲ್ಲ. ಖಾಲಿ ಬಕೆಟ್ ಹಿಡಿದು ಸುಮ್ಮನೆ ತಿರುಗಿ ಹೋಗುತ್ತಾಳೆ. ಹುಬ್ಬಿನ ಮೇಲಿನ ಗಾಯಕ್ಕೆ ಬೆವರು ಇಳಿದು ಉರಿಯುತ್ತಿರಬೇಕು. ಉರಿಯಲಿ.

ಮೇ 13, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಾಳೆ ಯಾರಾದರೂ ಬೇರೆ ಥರ ಹೇಳಬಹುದು.

ನಿನ್ನೆಯಿಂದ ಸಂಘಮಿತ್ರಾಳಿಗೆ ವಾಂತಿ ಭೇದಿ. ಬೆಳಿಗ್ಗೆ ನಾನು ಏಳುವಾಗ ಮಲಗಿದ್ದಳು. ನಾನು ಪಟ್ಟಿ ಹಿಡಿದು ಕಟ್ಟೆಗೆ ಹೋದೆ. ನಮ್ಮ ರೂಮಿನ ಪಾಳಿ ಮುಗಿದಿತ್ತು. ಅರ್ಧ ಗಂಟೆಯ ಮೇಲೆ ಗುಲ್ಫಶಾ ಮತ್ತೆ ಬಕೆಟ್ ಹಿಡಿದು ಬಂದಳು. ಸಾಲು ಬಿಟ್ಟು ನೇರ ಮೆಟ್ಟಿಲು ಹತ್ತಿ ನಲ್ಲಿ ತಿರುಗಿಸಿದಳು.

"ಇಡು ಕೆಳಗ," ಎಂದೆ.

"ಸಂಘಿ ಹಾಸಿಗ್ಯಾಗ ಎಲ್ಲಾ ಮಾಡಿಕೊಂಡಾಳ ಅಂಬಿ. ತೊಳಿಬೇಕು. ಅಕಿಗಿ ನಿಲ್ಲಾಕ ಆಗವಲ್ದು."

"ಎಲ್ಲಾರದು ಮುಗಿಲಿ. ಕಡೀಕ ತಗೋ."

"ಕಡೀಕ ಎಲ್ಲಿ ಇರ್ತದ? ನೀನ ಬಂದು ನೋಡು ಒಮ್ಮಿ. ಬಾ, ನೋಡು ಬಾ."

ಎಲ್ಲರೂ ನೋಡುತ್ತಿದ್ದರು. ಸ್ವಂತ ರೂಮಿನವಳಿಗೆ ಬಿಟ್ಟರೆ ನಾಳೆ ನೂರ ನಲವತ್ತು ಜನರ ರೂಮಿನಲ್ಲೂ ಯಾರಿಗಾದರೂ ಒಬ್ಬರಿಗೆ ವಾಂತಿ ಆಗುತ್ತದೆ. ಇದನ್ನು ಆಕೆ ಅರ್ಥ ಮಾಡಿಕೊಳ್ಳಬೇಕಿತ್ತು. ಪಟ್ಟಿ ಬರೆದವಳೇ ಆಕೆ. ನಾನು ಬಕೆಟ್ಟಿನ ಹಿಡಿಕೆಗೆ ಕೈ ಹಾಕಿದೆ. ಆಕೆ ಬಿಡಲಿಲ್ಲ. ಗಿಡ್ಡ ಇದ್ದರೂ ಹಿಡಿತ ಗಟ್ಟಿ. ಆಗ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಪೂರ್ಣಶ್ರೀ ಅಕ್ಕಗ ಇಷ್ಟು ಸೊಕ್ಕು ಇರಲಿಲ್ಲ ನೋಡು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮೊದಲು ಕೆನ್ನೆಗೆ ಹೊಡೆದೆ. ಆಕೆ ಇನ್ನೂ ಹಿಡಿಕೆ ಬಿಡಲಿಲ್ಲ. ಎದೆಗೆ ಎರಡೂ ಕೈ ಕೊಟ್ಟು ತಳ್ಳಿದೆ. ಕಾಲ ಕೆಳಗೆ ಪಾಚಿ ಇತ್ತು. ಬಕೆಟ್ ಸಮೇತ ಐದೂ ಮೆಟ್ಟಿಲು ಉರುಳಿದಳು. ಕೆಳಗೆ ಬಿದ್ದಾಗ ಬಲಗೈ ಮೈಯಡಿ ಮಡಚಿಕೊಂಡಿತ್ತು, ಕೈ ಮಡಚದ ಕಡೆಗೆ. ಹಸಿ ತೊಗರಿ ಕಟ್ಟಿಗೆ ಮುರಿದ ಸದ್ದು. ಮುಂಗೈ ಚರ್ಮದ ಒಳಗಿನಿಂದ ಬಿಳಿಯದೊಂದು ಮೊನೆ ಹೊರಗೆ ಬಂದಿತ್ತು.

ಆಕೆ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು.

ಮೊದಲು ಓಡಿದವಳು ಪೂರ್ಣಶ್ರೀ. ಸಾಲಿನ ಕಟ್ಟಕಡೆಯಿಂದ ಓಡಿ ಬಂದು, ತನ್ನ ವೇಲು ಹರಿದು ಆ ಕೈಯನ್ನು ಎದೆಗೆ ಕಟ್ಟಿದಳು. "ಸಾಬರೇ, ಗಾಡಿ ಚಾಲೂ ಮಾಡ್ರಿ!" ಎಂದು ಕೂಗಿದಳು. ಸತ್ತಾರ್ ಸಾಬ್ ಪೈಪನ್ನು ಹಾಗೇ ಬಿಸಾಕಿದ. ಇಬ್ಬರೂ ಸೇರಿ ಗುಲ್ಫಶಾಳನ್ನು ಟ್ಯಾಂಕರಿನ ಕ್ಯಾಬಿನ್ನಿಗೆ ಎತ್ತಿ ಕೂರಿಸಿ ಆಸ್ಪತ್ರೆಗೆ ಹೋದರು.

ನಾನು ಹೋಗಲಿಲ್ಲ. ಪಾಳಿ ಇನ್ನೂ ಮುಗಿದಿರಲಿಲ್ಲ.

ಮೇ 14, ಬುಧವಾರ

ಎರಡು ಮೂಳೆ ಮುರಿದಿವೆ. ಆಪರೇಷನ್ ಮಾಡಿ ಪಟ್ಟಿ ಹಾಕಿದ್ದಾರೆ. ವೆಂಕೂಬಾಯಿ ಮೇಡಂ ಆಸ್ಪತ್ರೆಗೆ ಹೋಗಿ ಕೇಳಿದರಂತೆ. ಪಾಚಿಯ ಮೇಲೆ ಜಾರಿದೆ ಎಂದಳಂತೆ ಗುಲ್ಫಶಾ. ಸಾಲಿನಲ್ಲಿದ್ದವರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು.

ಅವಳು ನನ್ನ ಪರ ನಿಂತಳು. ಗೆಳತಿಯೆಂದರೆ ಹಾಗಿರಬೇಕು.

ಮೇ 15, ಗುರುವಾರ

ಸಂಘಮಿತ್ರಾ ಊರಿಗೆ ಹೊರಟಳು. ಅವಳಣ್ಣ ಕುರ್ಡಿಯಿಂದ ಗಾಡಿ ತಂದಿದ್ದ. ಹಾಸಿಗೆಯನ್ನು ತಾನೇ ಒರೆಸಿ ಇಟ್ಟಿದ್ದಳು, ಯಾವ ನೀರಿನಲ್ಲೋ.

"ಹೆಂಗದೀ ಈಗ?" ಎಂದೆ.

"ಆರಾಮ ಅದೀನ್ರಿ," ಎಂದಳು.

ನನಗೆ 'ರೀ' ಹಚ್ಚಿದಳು. ತಮಾಷೆಗೆ ಇರಬೇಕು. ಜ್ವರದ ಬಾಯಿ.

ಮೇ 18, ಭಾನುವಾರ

ಅಪ್ಪ ಫೋನ್ ಮಾಡಿದ್ದ. ಎರಡೇ ಮಾತಿಗೆ, "ಯಾಕಬೇ ಹಂಗ ಗದರಸ್ತಿ? ನಾ ಏನು ಮಾಡೀನಿ?" ಎಂದ. ನಾನು ಗದರಿಸಲಿಲ್ಲ. ಲೈನ್ ಸರಿ ಇರಲಿಲ್ಲ, ಜೋರಾಗಿ ಮಾತಾಡಿದೆ. ಅಷ್ಟಕ್ಕೇ ಅಮ್ಮನ ಕೈಗೆ ಫೋನ್ ಕೊಟ್ಟುಬಿಟ್ಟ.

ರೂಮಿನಲ್ಲಿ ಒಬ್ಬಳೇ. ಜಾಗ ಬಹಳ ಇದೆ.

ಮೇ 25, ಭಾನುವಾರ

ಗುಲ್ಫಶಾ ಸಾಮಾನು ಒಯ್ಯಲು ಬಂದಿದ್ದಳು. ಜೊತೆಗೆ ತಾಯಿ ಗುಲ್ಶನ್ ಬೇಗಂ. ಬೆವರಿನಲ್ಲಿ ತೊಯ್ದು, ಬುರ್ಖಾದ ಮುಸುಕು ಎತ್ತಿ, ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ನೀನೇ ಅಂಬಿ ಏನಮ್ಮಾ? ನಮ್ಮ ಹುಡುಗಿ ರಜಾಕ್ಕ ಮನಿಗಿ ಬಂದ್ರ ನಿಂದೇ ಮಾತು. ಅಂಬಿ ಹಿಂಗಂದ್ಳು, ಅಂಬಿ ಹಂಗಂದ್ಳು. ಬಿದ್ದಾಗ ನೀನೇ ದವಾಖಾನಿಗಿ ಒಯ್ದಿ ಅಂತ ಹೇಳ್ಯಾಳ. ಮ್ಯಾಲಿನ ಆ ಮಾಲಕ ನಿನ್ನ ಕೈ ತಣ್ಣಗ ಇಟ್ಟಿರಲಿ."

ನಾನು ಹೌದು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ. ಗುಲ್ಫಶಾ ನನ್ನ ಕಡೆ ನೋಡದೆ ಎಡಗೈಯಿಂದ ಬಟ್ಟೆ ತುಂಬುತ್ತಿದ್ದಳು. ಸಣ್ಣಗಾಗಿದ್ದಳು. ತಾಯಿ ಚೀಲದಿಂದ ಹಲ್ವಾದ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟು ಮತ್ತೆ ನನ್ನ ಎಡಗೈ ಹಿಡಿದುಕೊಂಡರು. ಬಳೆ ಅಂಗಡಿಯವರಲ್ಲವೇ, ಮಣಿಕಟ್ಟು ಒತ್ತಿ ನೋಡಿ, "ನಿನಗ ಎರಡು ಎರಡರ ಅಳತಿ ಬಳಿ ಸರಿ ಆಗ್ತದ. ಮುಂದಿನ ಸಲ ತರ್ತೀನಿ," ಎಂದರು.

ಗುಲ್ಫಶಾ ಬ್ಯಾಗು ಎತ್ತಲು ಹೋದಳು. ಭಾರವಿತ್ತು, ಜಾರಿತು. ಹಿಡಿಯೋಣವೆಂದು ನಾನು ಬಲಗೈ ಚಾಚಿದೆ. ಅಷ್ಟೇ ಮಾಡಿದ್ದು.

ಆಕೆ ಬ್ಯಾಗು ಬಿಟ್ಟು ಗೋಡೆಗೆ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಪಟ್ಟಿ ಕಟ್ಟಿದ ಕೈಯನ್ನು ತಲೆಗೆ ಅಡ್ಡ ಹಿಡಿದಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿದ್ದವು.

"ಇಡ್ತೀನಿ, ಇಡ್ತೀನಿ, ಕೆಳಗ ಇಡ್ತೀನಿ..."

ಗುಲ್ಶನ್ ಬೇಗಂ ಮಗಳನ್ನು ನೋಡಿದರು. ಆಮೇಲೆ ನನ್ನ ಚಾಚಿದ ಕೈ ನೋಡಿದರು. ತಮ್ಮ ಕೈಯೊಳಗಿದ್ದ ನನ್ನ ಇನ್ನೊಂದು ಕೈಯನ್ನು ಮೆಲ್ಲಗೆ ಬಿಟ್ಟರು, ಒಡೆಯುವ ವಸ್ತುವನ್ನು ಕೆಳಗಿಟ್ಟಂತೆ.

"ಏಳು ಬೇಟಾ. ಹೋಗೂಣು," ಎಂದರು. ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ ಕೇಳಿದರು: "ನಿನಗೂ ತಾಯಿ ಅದಾರಲ್ಲಾ?"

"ಅದಾರ್ರಿ."

ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದು ಬಹಳ ಹೊತ್ತು ಕೇಳಿಸಿತು.

ಗುಲ್ಫಶಾ ಮೊದಲಿನಿಂದಲೂ ಅಂಜುಬುರುಕಿ. ಸುಮ್ಮಸುಮ್ಮನೆ ತಾಯಿಯ ಮುಂದೆ ನನ್ನ ಮರ್ಯಾದೆ ತೆಗೆದಳು.

ಹಲ್ವಾ ತಿನ್ನಲು ಆಗಲಿಲ್ಲ. ಕಸದ ಬುಟ್ಟಿಗೆ ಹಾಕಲೂ ಆಗಲಿಲ್ಲ.

ಮೇ 27, ಮಂಗಳವಾರ

ಇವತ್ತು ಯಾರಿಗೂ ಹೊಡೆಯಲಿಲ್ಲ. ಹೊಡೆಯುವಂಥದ್ದು ಯಾರೂ ಮಾಡಲಿಲ್ಲ.

ಜೂನ್ 5, ಗುರುವಾರ

ಹೊಸ ಬೋರಿಗೆ ನೀರು ಬಿತ್ತು. ಮೂರು ದಿನ ಮಷೀನು ಭೋರ್ ಎಂದು ಕೊರೆಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಎಲ್ಲ ಮಹಡಿಯ ನಲ್ಲಿಗಳಲ್ಲೂ ಒಮ್ಮೆಗೇ ಬಂತು. ಮೊದಲು ಕೆಂಪಗೆ, ಕೆಮ್ಮುತ್ತಾ. ಆಮೇಲೆ ತಿಳಿ.

ಹಾಸ್ಟೆಲ್ ತುಂಬ ಕೇಕೆ. ಹುಡುಗಿಯರು ಮಗ್ಗು ಹಿಡಿದು ಕಾರಿಡಾರಿನಲ್ಲೆಲ್ಲ ಒಬ್ಬರಿಗೊಬ್ಬರು ನೀರು ಎರಚುತ್ತಿದ್ದರು. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಬಚ್ಚಲ ಬಾಗಿಲಲ್ಲಿ ಪೂರ್ಣಶ್ರೀ ತಲೆಯಿಂದ ಕಾಲಿನವರೆಗೆ ತೊಯ್ದು ನಗುತ್ತಿದ್ದಳು. ಲತೀಫಾ ಅವಳ ಬೆನ್ನಿಗೆ ಒಂದು ಮಗ್ಗು ಸುರಿದಳು. ಅವಳು ಇಷ್ಟು ಜೋರಾಗಿ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಯಾರೋ ನನ್ನನ್ನು ನೋಡಿದರು. ಒಂದೊಂದೇ ನಲ್ಲಿ ಬಂದಾಯಿತು. ಎಲ್ಲರೂ ಗೋಡೆಗೆ ಸರಿದು ದಾರಿ ಬಿಟ್ಟರು. ಪೂರ್ಣಶ್ರೀ ತಲೆ ತಗ್ಗಿಸಿ, "ನೀವು ಮೊದಲ ಮಾಡ್ಕೊಳ್ರಿ," ಎಂದಳು. ನನಗಿಂತ ಒಂದು ವರ್ಷ ದೊಡ್ಡವಳು.

"ಯಾಕ ನಿಂತ್ರಿ? ನೀರು ಬೇಕಾದಷ್ಟು ಅದಲ್ಲ. ಆಡ್ರಿ," ಎಂದೆ. ನಗುತ್ತಲೇ ಹೇಳಿದೆ. ಯಾರೂ ಆಡಲಿಲ್ಲ.

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಬಕೆಟ್ ತುಂಬಿ ಹರಿಯುವ ತನಕ ನಲ್ಲಿ ಬಿಟ್ಟೆ. ಎರಡು ತಿಂಗಳಲ್ಲಿ ಮೊದಲ ಸಲ ಲೆಕ್ಕವಿಲ್ಲದೆ ಸ್ನಾನ ಮಾಡಿದೆ. ಹೊರಗೆ ಅಷ್ಟು ಜನ ನಿಂತಿದ್ದರೂ ಒಂದು ಪಿಸುಮಾತು ಕೇಳಿಸಲಿಲ್ಲ. ಸ್ನಾನ ಬೇಗ ಮುಗಿಯಿತು.

ಹೊರಬಂದು ನನ್ನ ರೂಮಿನ ಕಡೆ ನಡೆದೆ. ತಿರುವಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಒಂದು ನಲ್ಲಿ ತಿರುಗಿದ ಸದ್ದು, ಇನ್ನೊಂದು, ಮತ್ತೊಂದು. ಆಮೇಲೆ ಯಾರೋ ಕಿಲಕಿಲ ನಕ್ಕರು. ಇನ್ನೊಬ್ಬಳು ಚೀರಿದಳು, ಎಲ್ಲರೂ ಸೇರಿಕೊಂಡರು, ಮೊದಲಿನ ಹಾಗೆಯೇ. ಒದ್ದೆ ಕೂದಲಿನ ನೀರು ಬೆನ್ನಿಗೆ ಇಳಿಯುತ್ತಿತ್ತು. ಅಲ್ಲೇ ನಿಂತು ಬಹಳ ಹೊತ್ತು ಕೇಳಿದೆ.

ಹೋಗಬೇಕೆನಿಸಿತು. ಹೋದರೆ ನಿಲ್ಲುತ್ತದೆ ಎಂದು ಹೋಗಲಿಲ್ಲ.